ಕಲೆ ಅಂದ್ರೆ ಯಾವ ಕಲೆ? ಮುಖದ ಗುರುತು ಮುಚ್ಚೋ ಬಣ್ಣ, ತೋರ್ಸೋ ಬಣ್ಣ ಆಗಿದ್ದು ಹೆಂಗೆ

ನಮ್ಮ ಚಿಕ್ಕಮ್ಮನ ಮಗಳು ದಾವಣಗೆರೆ ವಿದ್ಯಾನಗರದಲ್ಲಿ ಮನೆ ಮುಂದಿನ ರೂಮಲ್ಲೇ ಪಾರ್ಲರ್ ಇಟ್ಕೊಂಡಿದಾಳೆ, ದಿನಾ ಹುಬ್ಬು ಫೇಶಿಯಲ್ಲು, ಮದುವೆ ಸೀಸನ್ ಬಂತು ಅಂದ್ರೆ ಮದುಮಗಳ ಮೇಕಪ್ಪು. ಅವಳಿಗೆ ಎಡಗಣ್ಣಿನ ಕೆಳಗಿಂದ ಕೆನ್ನೆವರೆಗೂ ತೊನ್ನು ಇದೆ. ಹೋದ ಭಾನುವಾರ ಬೆಣ್ಣೆ ದೋಸೆ ಪಾರ್ಸಲ್ ಹಿಡ್ಕೊಂಡು ಹೋದ್ರೆ ಕನ್ನಡಿ ಮುಂದೆ ಉಸಿರು ಬಿಗಿ ಹಿಡ್ದು ಕೂತಿದಾಳೆ, ಕೈಯಲ್ಲಿ ಸಣ್ಣ ಬ್ರಶ್ಶು. "ಅಕ್ಕ, ಒಂದೈದ್ ನಿಮಿಷ ಮಾತಾಡಿಸ್ಬ್ಯಾಡ, ಕೈ ಅಲ್ಲಾಡುತ್ತೆ." ಬಿಳಿ ಕಲೆಯ ಅಂಚಿಗೆ ಕಂದು ಐಲೈನರ್‌ನಲ್ಲಿ ಕೂದಲೆಳೆಯಷ್ಟು ಗೆರೆ, ಒಳಗೆ ತೆಳು ನೀಲಿ ಅಲೆ, ಕಿವಿ ಕಡೆ ಹೋಗೋ ಬಾಲದ ಹತ್ರ ಎರಡು ಕೊಕ್ಕರೆ. ಇದೇನೇ ಅಂದೆ. "ಸೂಳೆಕೆರೆ" ಅಂದ್ಲು. ಚನ್ನಗಿರಿ ಅವರಪ್ಪನ ಕಡೆ ಊರು, ಸಣ್ಣವಳಿದ್ದಾಗ ಆ ಕೆರೆ ಏರಿ ಮೇಲೆ ಓಡಾಡಿದವಳು, ಒಂದಿನ ಫೋನಲ್ಲಿ ಮ್ಯಾಪ್ ನೋಡ್ವಾಗ ಇದೇನು ನನ್ ಕೆನ್ನೆ ಇದ್ದಂಗೇ ಐತಲ್ಲ ಅನ್ನಿಸ್ತಂತೆ.

ಇದೇ ಹುಡುಗಿ ಪಿಯುಸಿಯಿಂದ ಎಂಟು ವರ್ಷ ಬಾಗಿಲಿಗೆ ನೀರು ಹಾಕೋಕೆ ಹೊರಗೆ ಬರೋವಾಗ್ಲೂ ಫೌಂಡೇಶನ್ ಹಚ್ಕೊಂಡೇ ಬರ್ತಿದ್ಲು.

ಕನ್ನಡದಲ್ಲಿ ಕಲೆ ಅಂದ್ರೆ ಚಿತ್ರ ಬಿಡ್ಸೋದೂ ಹೌದು, ಮೊಡವೆ ಹೋದ್ಮೇಲೆ ಉಳಿಯೋದೂ ಹೌದು. ಎರಡನೇ ಕಲೆ ಯಾವಾಗಿಂದ ನಾಚಿಕೆ ಪಡೋ ವಿಷಯ ಆಯ್ತು ಅಂತ ಹುಡುಕ್ತಾ ಹೋದೆ, ಮೊದ್ಲು ಸಿಕ್ಕಿದ್ದು ನಮ್ಮನೆ ತೊಟ್ಟಿಲಲ್ಲೇ. ಕೂಸಿಗೆ ಸ್ನಾನ ಮಾಡ್ಸಿ ಪೌಡರ್ ಹಾಕಿ ಆದ್ಮೇಲೆ ಕೆನ್ನೆಗೊಂದು ಕಪ್ಪು ಬೊಟ್ಟು ಇಡ್ತೀವಲ್ಲ, ಚಂದದ ಮುಖಕ್ಕೆ ಬೇಕಂತಲೇ ಒಂದು ಕುಂದು, ದೃಷ್ಟಿ ಆಗ್ಬಾರ್ದು ಅಂತ. ಯುರೋಪಿನಲ್ಲಿ 17, 18ನೇ ಶತಮಾನದಲ್ಲಿ ಹೆಚ್ಚು ಕಮ್ಮಿ ಇದೇ ಬೊಟ್ಟನ್ನ ದೊಡ್ಡೋರೇ ಅಂಟಿಸ್ಕೊಂತಿದ್ರು, ಆದ್ರೆ ಕಾರಣ ಉಲ್ಟಾ. ಸಿಡುಬಿನ ಕುಳಿ ಕಾಣ್ಬಾರ್ದು ಅಂತ ಕಪ್ಪು ರೇಷ್ಮೆನೋ ಮಖಮಲ್ಲೋ ನಕ್ಷತ್ರ, ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ ಅಂಟಿಸೋದು. ಫ್ರೆಂಚಲ್ಲಿ ಅದಕ್ಕೆ ಮೂಶ್ ಅಂತಿದ್ರು, ಅಂದ್ರೆ ನೊಣ! ಮುಚ್ಚೋಕೆ ಅಂತ ಶುರುವಾಗಿದ್ದು ಆಮೇಲೆ ಫ್ಯಾಶನ್ ಆಗಿ, ಕಲೆ ಇಲ್ದೋರೂ ನೊಣ ಕೂರಿಸ್ಕೊಂಡು ಓಡಾಡಿದ್ರು.

ನಮ್ಮಲ್ಲಿ ಸಿಡುಬಿಗೆ ಕಾಯಿಲೆ ಅಂತ ಹೆಸರಿಡಲೇ ಇಲ್ಲ, ಅಮ್ಮ ಬಂದಿದಾಳೆ ಅಂದ್ರು. ಬಾಗಿಲಿಗೆ ಬೇವಿನ ಸೊಪ್ಪು ಸಿಗ್ಸಿ, ಒಗ್ಗರಣೆ ನಿಲ್ಸಿ, ಇಳಿದ್ಮೇಲೆ ಮಾರಮ್ಮಂಗೆ ಮೊಸರನ್ನ. ನನ್ನ ಹಣೆ ಮೇಲೆ ಸೀತಾಳೆ ಸಿಡುಬಿನ ಎರಡು ಕುಳಿ ಇವೆ, ಅಜ್ಜಿ ಬದುಕಿರೋವರೆಗೂ ಅದನ್ನ ಅಮ್ಮ ಮುಟ್ಟಿ ಹೋದ ಗುರುತು ಕಣೇ ಅಂತಿದ್ರು. ಕೇಳೋಕೆ ಚಂದ ಇದೆ, ಆದ್ರೆ ಅಜ್ಜಿಯ ತಂಗಿಗೆ ಮುಖ ತುಂಬ ಅದೇ ಗುರುತು ಇದ್ದಿದ್ದಕ್ಕೆ ಎರಡು ಸಂಬಂಧ ತಪ್ಪಿತ್ತು, ಅದನ್ನೂ ಅಜ್ಜಿನೇ ಹೇಳಿದ್ದು. ಹಿಂದಿನ ಕಾಲದಲ್ಲಿ ಎಲ್ಲಾ ಸರಿಯಿತ್ತು ಅಂತ ನಾನಂತೂ ಹೇಳಲ್ಲ.

ಸಿಡುಬಿನ ಮಾತು ಬಂದ್ಮೇಲೆ ಮೈಸೂರಿನ ಒಂದು ಚಿತ್ರದ ಬಗ್ಗೆ ಹೇಳ್ಲೇಬೇಕು. 1805ರ ಸುಮಾರಿಗೆ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕ್ಕಿ ಬರೆದಿದ್ದು ಅಂತ ನಂಬಿರೋ ಚಿತ್ರ, ಮೂರು ಜನ ಅರಮನೆ ಹೆಣ್ಣುಮಕ್ಕಳು ನಿಂತಿದಾರೆ. ಒಬ್ಬರು ಸೆರಗು ಸರಿಸಿ ತೋಳು ತೋರಿಸ್ತಿದಾರೆ, ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಆ ತೋಳು ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆ ಹಾಕಿಸ್ಕೊಂಡ ಜಾಗ, ಇನ್ನೊಬ್ಬರ ಮೂಗು ಬಾಯಿ ಸುತ್ತ ಬಣ್ಣ ಮಾಸಿದಂಗೆ ಇರೋದು ಹಳೇ ಪದ್ಧತಿಯಲ್ಲಿ ಸಿಡುಬಿನ ಹಕ್ಕಳೆಪುಡಿ ಮೂಗಿಗೆ ಎಳ್ಕೊಂಡಿದ್ದರ ಗುರುತು ಅನ್ನೋದು ಇತಿಹಾಸಕಾರರ ವಾದ. ವಾದ ಒಪ್ಪಿದ್ರೆ, ರಾಜಮನೆತನದ ಚಿತ್ರದಲ್ಲಿ ಚರ್ಮದ ಗುರುತನ್ನ ಒರೆಸಿ ಹಾಕದೆ ಬೇಕಂತ ತೋರಿಸಿದಾರೆ. ಈಗ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸೋಕೆ ಹೋದ್ರೂ ಸ್ಟುಡಿಯೋ ಹುಡುಗ ಕೇಳ್ದೇ ಮಚ್ಚೆ ಅಳಿಸಿ ಕೊಡ್ತಾನೆ.

ಬಣ್ಣ ಹಚ್ಚೋದು ನಮ್ಮ ಕಡೆಗೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆದು, ಚಿತ್ರದುರ್ಗದ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟ. ಅಲ್ಲಿ ಬಣ್ಣ ಅಂದ್ರೆ ಬೆಳ್ಳಗಾಗೋಕೆ ಅಲ್ಲ, ರಾಕ್ಷಸ ರಾಕ್ಷಸನ ಥರ ಕಾಣೋಕೆ, ಮೀಸೆ ಬೋಳಿಸಿದ ಗಂಡಸು ದ್ರೌಪದಿ ಆಗೋಕೆ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಾಡಿಗೆ, ಕೊಬ್ಬರಿ ಎಣ್ಣೆ. ಅರದಾಳದಲ್ಲಿ ಆರ್ಸೆನಿಕ್ಕು, ಇಂಗಳೀಕದಲ್ಲಿ ಪಾದರಸ ಅನ್ನೋದು ಬೇರೆ ಮಾತು, ಬಣ್ಣ ಹಚ್ಚಿ ಹಚ್ಚಿ ಚರ್ಮ ಹಾಳಾದ ಕಲಾವಿದರ ಕಥೆ ಕೇಳಿದೋರಿಗೆ ಗೊತ್ತು. ಆದ್ರೆ ಆ ಮುಖಗಳಲ್ಲಿ ಇವರ ಚರ್ಮದ ಬಣ್ಣ ಯಾವ್ದು ಅಂತ ಯಾರೂ ಕೇಳ್ಲಿಲ್ಲ.

ಕೇಳೋಕೆ ಶುರು ಮಾಡಿದ್ದು ಅಂಗಡಿ. 1919ರಲ್ಲಿ ಮುಂಬೈಯಲ್ಲಿ ಇ.ಎಸ್. ಪಾಟನ್‌ವಾಲಾ ಅಫ್ಘಾನ್ ಸ್ನೋ ಅನ್ನೋ ಮುಖಕ್ಕೆ ಹಚ್ಚೋ ಕ್ರೀಮ್ ತಂದ್ರು, ನಮ್ಮ ಕಡೆ ಸ್ನೋ ಪೌಡರ್ ಅನ್ನೋ ಮಾತಲ್ಲಿ ಇರೋದು ಅದೇ ಥರದ ಸ್ನೋ. 1952ಕ್ಕೆ ಟಾಟಾದವರ ಲ್ಯಾಕ್ಮೆ, 1975ಕ್ಕೆ ಫೇರ್ ಅಂಡ್ ಲವ್ಲಿ. ಈ ಕೊನೇದು ಮಾಡಿದಷ್ಟು ಕೆಲಸ ಬೇರೆ ಯಾವ್ದೂ ಮಾಡ್ಲಿಲ್ಲ, ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ಹದಿನೈದು ದಿನ ಮೊದ್ಲೇ ಟ್ಯೂಬ್ ಮನೆಗೆ ಬರೋದು. 2020ರಲ್ಲಿ ಫೇರ್ ಹೋಗಿ ಗ್ಲೋ ಆಯ್ತು, ಹೆಸರಲ್ಲಿ. ಕಿರಾಣಿ ಅಂಗಡಿಯಲ್ಲಿ ಈಗ್ಲೂ ಜನ ಹಳೇ ಹೆಸರಲ್ಲೇ ಕೇಳೋದು.

ಮುಚ್ಚೋ ಮೇಕಪ್ಪನ್ನ ಬರೀ ಬೈಯೋದೂ ಸರಿಯಲ್ಲ. ಅಮೆರಿಕದ ಲಿಡಿಯಾ ಓ'ಲೀರಿ ಅನ್ನೋರಿಗೆ ಮುಖದ ಮೇಲೆ ದೊಡ್ಡ ಕೆಂಪು ಹುಟ್ಟುಮಚ್ಚೆ ಇತ್ತು, ಅದಕ್ಕೇ ಅಂಗಡಿಗಳಲ್ಲಿ ಸೇಲ್ಸ್ ಕೆಲಸ ಕೊಡ್ಲಿಲ್ಲ, ಆಯಮ್ಮ ತಾನೇ ಒಂದು ದಪ್ಪ ಕ್ರೀಮ್ ಮಾಡ್ಕೊಂಡು ಕವರ್‌ಮಾರ್ಕ್ ಅಂತ ಹೆಸರಿಟ್ಟು 1932ರಲ್ಲಿ ಪೇಟೆಂಟ್ ತಗೊಂಡ್ರು. ಸುಟ್ಟ ಗಾಯ ಆದೋರಿಗೆ ಅದು ಅನ್ನ ಕೊಟ್ಟಿರೋ ವಿದ್ಯೆ. ನನ್ನ ತಕರಾರು ಏನಂದ್ರೆ ಮುಚ್ಚೋದೊಂದೇ ದಾರಿ ಅಂತ ಮಾಡಿಟ್ಟಿದ್ದಕ್ಕೆ.

ತೊನ್ನಿನ ಕಥೆ ಇನ್ನೂ ಕಷ್ಟದ್ದು, ಯಾಕಂದ್ರೆ ಇದನ್ನ ಬಹಳ ಕಾಲ ಬಿಳಿ ಕುಷ್ಠ ಅಂತ ಕರೆದ್ರು. ಕುಷ್ಠಕ್ಕೂ ಇದಕ್ಕೂ ಸಂಬಂಧ ಇಲ್ಲ, ತೊನ್ನು ಅಂಟಲ್ಲ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನ ನಮ್ಮ ದೇಹದ ರಕ್ಷಣಾ ವ್ಯವಸ್ಥೆನೇ ಹೊಡೆದು ಹಾಕುತ್ತೆ, ಅಷ್ಟೇ. ಇನ್ನು ನಿಜವಾಗ್ಲೂ ಕುಷ್ಠ ಬಂದೋರ ಪಾಡು ನೋಡಿ, ಔಷಧಿಯಿಂದ ವಾಸಿ ಆಗುತ್ತೆ ಅಂತ ಗೊತ್ತಾಗಿ ಎಷ್ಟೋ ವರ್ಷ ಆದ್ರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಡೈವೋರ್ಸ್‌ಗೆ ಕಾರಣವಾಗೇ ಇತ್ತು, ತೆಗೆದು ಹಾಕಿದ್ದು 2019ರಲ್ಲಿ.

ತಮಾಷೆ ಅಂದ್ರೆ ಚಂದ ಕಾಣೋಕೆ ಹಚ್ಚಿದ್ದೇ ಕಲೆ ತರೋದು. ಸ್ಟಿಕ್ಕರ್ ಬೊಟ್ಟಿನ ಅಂಟಲ್ಲಿ ಪಿಟಿಬಿಪಿ ಅನ್ನೋ ರಾಸಾಯನಿಕ ಇದ್ರೆ ಕೆಲವರಿಗೆ ಹಣೆ ಮೇಲೆ ಬೊಟ್ಟಿನ ಸೈಜಿಗೇ ಬಿಳಿ ಚುಕ್ಕೆ ಬರುತ್ತೆ, ಚರ್ಮದ ಡಾಕ್ಟರಿಗೆಲ್ಲ ಗೊತ್ತಿರೋ ವಿಷಯ. ಜಪಾನಲ್ಲಿ ಕಾನೆಬೊ ಕಂಪನಿಯ ಬೆಳ್ಳಗಾಗೋ ಕ್ರೀಮು ಹಚ್ಚಿದ ಸಾವಿರಾರು ಜನಕ್ಕೆ ತೊನ್ನಿನ ಥರ ಮಚ್ಚೆ ಬಂದು 2013ರಲ್ಲಿ ಮಾಲೆಲ್ಲ ವಾಪಸ್ ತಗೊಂಡ್ರು. ನಮ್ಮಲ್ಲಿ ಬಂಗು ಅನ್ನೋ ಮುಖದ ಕಪ್ಪು ಕಲೆಗೆ, ಮೊಡವೆಗೆ ಅಂತ ಮೆಡಿಕಲ್ ಶಾಪಲ್ಲಿ ಕೈಗೆ ಸಿಕ್ಕ ಸ್ಟಿರಾಯ್ಡ್ ಟ್ಯೂಬ್ ಹಚ್ಕೊಳ್ಳೋರು ಎಷ್ಟು ಜನ, ಮೊದಲ ವಾರ ಮುಖ ಹೊಳೆಯುತ್ತೆ, ಆಮೇಲೆ ಚರ್ಮ ತೆಳುವಾಗಿ ಕೆಂಪಗಾಗಿ, ಬಿಟ್ರೆ ಇನ್ನೂ ಜಾಸ್ತಿ. 2018ರಲ್ಲಿ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನ ಡಾಕ್ಟರ್ ಚೀಟಿ ಇಲ್ದೆ ಮಾರಂಗಿಲ್ಲ ಅಂತು. ನನ್ನ ತಂಗಿಯ ಪಾರ್ಲರಿಗೆ ಆ ಥರ ಸುಟ್ಟುಕೊಂಡ ಮುಖಗಳು ಇನ್ನೂ ಬರ್ತಾನೇ ಇವೆ, ಅವರಿಗೆ ಫೇಶಿಯಲ್ ಮಾಡಲ್ಲ, ಮೊದ್ಲು ಡಾಕ್ಟರ್ ಹತ್ರ ಹೋಗಿ ಅಂತ ವಾಪಸ್ ಕಳಿಸ್ತಾಳೆ.

ಗಾಳಿ ತಿರುಗಿದ್ದು ತೀರಾ ಇತ್ತೀಚೆಗೆ. 2014ರಲ್ಲಿ ಕೆನಡಾದ ವಿನ್ನಿ ಹಾರ್ಲೋ ತೊನ್ನು ಇರೋ ಮುಖದಲ್ಲೇ ಅಮೆರಿಕದ ಟಿವಿ ಮಾಡೆಲಿಂಗ್ ಸ್ಪರ್ಧೆಗೆ ಬಂದ್ರು. 2017ರಲ್ಲಿ ಫೆಂಟಿ ಬ್ಯೂಟಿ ಅನ್ನೋ ಮೇಕಪ್ ಕಂಪನಿ ಬೇರೆ ಬೇರೆ ಚರ್ಮದ ಬಣ್ಣಕ್ಕೆ ಅಂತ ಒಂದೇ ಸಲಕ್ಕೆ 40 ಶೇಡ್ ಫೌಂಡೇಶನ್ ತಂತು. 2019ರಲ್ಲಿ ಸ್ಟಾರ್‌ಫೇಸ್ ಅನ್ನೋರು ಮೊಡವೆ ಮೇಲೆ ಅಂಟಿಸೋ ಹಳದಿ ನಕ್ಷತ್ರದ ಸ್ಟಿಕ್ಕರ್ ಮಾರೋಕೆ ಶುರು ಮಾಡಿದ್ರು. ಅದನ್ನ ನೋಡಿ ನಕ್ಕುಬಿಟ್ಟೆ, ಮುನ್ನೂರು ವರ್ಷದ ಹಿಂದಿನ ಅದೇ ನೊಣ, ಕಪ್ಪು ಹೋಗಿ ಹಳದಿ ಆಗಿದೆ. ಇದೂ ವ್ಯಾಪಾರನೇ, ಗೊತ್ತು. ಆದ್ರೂ ಮೊಡವೆ ಇರೋದನ್ನ ಒಪ್ಕೊಂಡು ಮಾಡೋ ವ್ಯಾಪಾರ.

ನನ್ನ ತಂಗಿಗೆ ಇಷ್ಟೆಲ್ಲ ಇತಿಹಾಸ ಬೇಕಿಲ್ಲ. ಅವಳಿಗೆ ದಾರಿ ಸಿಕ್ಕಿದ್ದು ಲಾಕ್‌ಡೌನಲ್ಲಿ, ಗಿರಾಕಿ ಇಲ್ಲ, ಬಣ್ಣ ಒಣಗಿ ಹೋಗುತ್ತಲ್ಲ ಅಂತ ತನ್ನ ಮುಖದ ಮೇಲೇ ಬಿಡಿಸ್ತಾ ಕೂತ್ಲು. ಮೊದಲನೇ ಸಲ ಮಕ್ಕಳ ಪೋಸ್ಟರ್ ಕಲರ್ ಹಚ್ಚಿ ಎರಡು ದಿನ ಕೆನ್ನೆ ಉರಿ. ಈಗ ಮುಖಕ್ಕೆ ಅಂತಲೇ ಬರೋ ಬಣ್ಣ, ಅದನ್ನೂ ಮೊದ್ಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದಿನ ಕಾದು ನೋಡ್ತಾಳೆ, ತೆಗೆಯೋವಾಗ ಉಜ್ಜಲ್ಲ, ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ನಿಧಾನಕ್ಕೆ. ಹೋದ ದುಗ್ಗಮ್ಮನ ಜಾತ್ರೆಗೆ ಕಲೆ ಸುತ್ತ ಬೇವಿನ ಎಲೆ ಬಳ್ಳಿ ಬರ್ಕೊಂಡು ಹೋಗಿದ್ಲು, ಒಬ್ಬ ಅಜ್ಜಿ ಹತ್ರ ಬಂದು ದಿಟ್ಟಿಸಿ ನೋಡಿ ಎಲೆ ಹಸಿದಾ ಅಂತ ಮುಟ್ಟೇ ನೋಡಿದ್ರಂತೆ. ದಿನಾ ಹಿಂಗೇ ಇರ್ತಾಳೆ ಅಂತಲ್ಲ, ಬ್ಯಾಂಕಿಗೆ ಹೋಗೋ ದಿನ ಏನೂ ಹಚ್ಚಲ್ಲ, ಬೇಜಾರಿದ್ದ ದಿನ ಪೂರ್ತಿ ಮುಚ್ಚಿಕೊಂಡೂ ಹೋಗ್ತಾಳೆ.

ದೋಸೆ ತಿನ್ನೋವಾಗ ಅವಳ ಫೋನು ಎರಡು ಸಲ ಸದ್ದು ಮಾಡ್ತು. ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಹರಿಹರದಲ್ಲಿ ಮದುಮಗಳ ಮೇಕಪ್ ಇತ್ತಂತೆ. ಮೊದಲನೇದು ಹುಡುಗಿ ಅಮ್ಮನ ಕಾಲ್, ತುಟಿ ಮೇಲಿನ ಮಚ್ಚೆ ಕಾಣಂಗಿಲ್ಲ, ದುಡ್ಡು ಎಷ್ಟಾದ್ರೂ ಆಗ್ಲಿ. ಐದೇ ನಿಮಿಷಕ್ಕೆ ಹುಡುಗಿಯ ವಾಟ್ಸಾಪ್ ಬಂತು, ಅಕ್ಕ ಮಚ್ಚೆ ಹಂಗೇ ಬಿಡಿ, ಅಮ್ಮಂಗೆ ಹೇಳ್ಬೇಡಿ.

ಏನಂದೆ ಅಂತ ಕೇಳಿದ್ದಕ್ಕೆ ಚಟ್ನಿ ಬಳೀತಾ ಹೇಳಿದ್ಲು, "ಇಬ್ರಿಗೂ ಹ್ಞೂಂ ಅಂದೀನಿ."