ಜಾಸ್ಮೋನಿಕ್ ಆಮ್ಲ: ಹುಳ ಕಡಿದ ಎಲೆಯ ಕೂಗು

ಹುಳ ಕಡಿದಾಗ ಗಿಡ ತನ್ನೊಳಗೇ ತಯಾರಿಸಿಕೊಳ್ಳುವ ಎಚ್ಚರಿಕೆಯ ಹಾರ್ಮೋನಿನ ಹೆಸರು ಪುಸ್ತಕಗಳಲ್ಲಿ ‘ಜಾಸ್ಮೋನಿಕ್ ಆಮ್ಲ’ ಎಂದೇ ಅಚ್ಚಾಗುತ್ತದೆ. ನನ್ನನ್ನು ಕೇಳಿದರೆ ‘ಜಾಜಿ ಆಮ್ಲ’ ಎಂದಿದ್ದರೆ ಸಾಕಿತ್ತು. ಇದರ ಹತ್ತಿರದ ನೆಂಟ ಮೀಥೈಲ್ ಜಾಸ್ಮೋನೇಟ್ 1962ರಲ್ಲಿ ಮೊದಲು ಕೈಗೆ ಸಿಕ್ಕಿದ್ದು ಜಾಜಿ ಹೂವಿನ ಎಣ್ಣೆಯಲ್ಲಿ. ಹಾಸನದ ಪೇಟೆಯಲ್ಲಿ ಮೊಳ ಹಾಕಿ ಕೊಡುವ ಜಾಜಿ ಘಮ್ಮೆನ್ನುವುದರಲ್ಲಿ ಅದರದ್ದೂ ಒಂದು ಪಾಲಿದೆ. ಆಗ ಅದು ಬರೀ ಸುಗಂಧದ ಸರಕು. ಗಿಡಕ್ಕೆ ಅದು ಜೀವ ಉಳಿಸುವ ಸುದ್ದಿ ಎಂದು ಗೊತ್ತಾಗಿದ್ದು ಆಮೇಲೆ.

ಶಾಂತಿಗ್ರಾಮದ ಕಡೆ ಟೊಮೆಟೊ ಸಾಲಿಗೆ ಬೆಳಿಗ್ಗೆ ಇಳಿದು ಒಂದು ಎಲೆ ಮಗುಚಿ ನೋಡಿ. ಹಸಿರು ಹುಳ, ಪಕ್ಕದಲ್ಲಿ ಕಪ್ಪು ಹಿಕ್ಕೆ, ಎಲೆಯ ಅಂಚು ಗರಗಸದ ಹಾಗೆ. ಹುಳ ಕಡಿದ ಜಾಗದಲ್ಲಿ ಜೀವಕೋಶ ಒಡೆದಾಗ ಸಿಸ್ಟಮಿನ್ ಎಂಬ ಪುಟ್ಟ ಪ್ರೋಟೀನು ತುಣುಕು ಹೊರಬೀಳುತ್ತದೆ. ಬರೀ 18 ಅಮೈನೋ ಆಮ್ಲಗಳ ಸರ. 1991ರಲ್ಲಿ ಅಮೆರಿಕದ ಕ್ಲಾರೆನ್ಸ್ ರಯಾನ್ ತಂಡ ಇದನ್ನು ಟೊಮೆಟೊ ಎಲೆಯಿಂದಲೇ ಹೆಕ್ಕಿತು. ಅದು ತಟ್ಟಿದೊಡನೆ ಎಲೆಯ ಹಸಿರು ಕಣಗಳ ಪೊರೆಯಿಂದ ಲಿನೋಲೆನಿಕ್ ಆಮ್ಲವೆಂಬ ಕೊಬ್ಬು ಬಿಡುಗಡೆಯಾಗಿ, ಹಂತ ಹಂತವಾಗಿ ಜಾಸ್ಮೋನಿಕ್ ಆಮ್ಲವಾಗುತ್ತದೆ. ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ಹಸಿ ವಾಸನೆಯೂ ಇದೇ ಕೊಬ್ಬಿನ ಇನ್ನೊಂದು ಕವಲು.

ಇಲ್ಲಿಂದ ಮುಂದಿನದು ಕೆರೆ ತೂಬಿನ ಲೆಕ್ಕ. ಗಿಡದಲ್ಲಿ ರಕ್ಷಣೆಯ ಜೀನ್‌ಗಳು ಮೊದಲೇ ಇವೆ, ಅವುಗಳನ್ನು ಎಬ್ಬಿಸುವ ಮಿಕ್-2 ಎಂಬ ಪ್ರೋಟೀನೂ ಇದೆ. ಆದರೆ ಜಾಝ್ ಎನ್ನುವ ಪ್ರೋಟೀನುಗಳು ತೂಬಿಗೆ ಬಡಿದ ಬೆಣೆಯ ಹಾಗೆ ಅದನ್ನು ಅಡ್ಡಗಟ್ಟಿ ಕೂತಿರುತ್ತವೆ. ಜಾಸ್ಮೋನಿಕ್ ಆಮ್ಲ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಜೊತೆಗೆ ಕಟ್ಟಿಕೊಂಡು ಬಂದಾಗ, ಕೋಶದ ಕಸ ವಿಲೇವಾರಿ ವ್ಯವಸ್ಥೆ ಜಾಝನ್ನು ಗುರುತಿಸಿ ಚೂರು ಮಾಡುತ್ತದೆ. ಬೆಣೆ ಕಿತ್ತಿತು, ನೀರು ಹರಿಯಿತು.

ಹರಿದು ಬರುವುದು ವಿಷವೇ ಆಗಬೇಕಿಲ್ಲ. ಟೊಮೆಟೊ, ಆಲೂಗಡ್ಡೆ ಎಲೆಗಳಲ್ಲಿ ತುಂಬಿಕೊಳ್ಳುವುದು ಪ್ರೋಟಿಯೇಸ್ ತಡೆಕಾರಕಗಳು. ಇವು ಹುಳದ ಹೊಟ್ಟೆಯಲ್ಲಿ ಪ್ರೋಟೀನು ಅರಗಿಸುವ ಕಿಣ್ವಕ್ಕೆ ಅಂಟಿ ಅದರ ಬಾಯಿ ಕಟ್ಟುತ್ತವೆ. ಹುಳ ತಿನ್ನುತ್ತದೆ, ತಿಂದಿದ್ದು ಮೈಗೆ ಹತ್ತುವುದಿಲ್ಲ. ಕಡಿತವಾಗದ ಎಲೆಗಳಲ್ಲೂ ಇವು ಕಾಣಿಸಿಕೊಳ್ಳುತ್ತವೆ ಎಂದು ರಯಾನ್ ಮತ್ತು ಗ್ರೀನ್ 1972ರಲ್ಲೇ ತೋರಿಸಿದ್ದರು. 1990ರಲ್ಲಿ ಇನ್ನೊಂದು ಬೆರಗು: ಮೀಥೈಲ್ ಜಾಸ್ಮೋನೇಟ್ ಸೂಸುವ ಸೇಜ್‌ಬ್ರಷ್ ಎಂಬ ಪೊದೆಗಿಡದ ಕೊಂಬೆಯನ್ನು ಟೊಮೆಟೊ ಗಿಡದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ, ಹುಳವೇ ಮುಟ್ಟದ ಟೊಮೆಟೊ ಕೂಡ ಸಜ್ಜಾಗಿ ನಿಂತಿತು.

ಎಲ್ಲ ಆಯುಧವೂ ಹೀಗೆ ಕರೆದಾಗ ಬರುವಂಥದ್ದಲ್ಲ. ಮೂಡಿಗೆರೆಯ ತೋಟದ ಕಾಫಿ ಬೀಜದಲ್ಲಿ ಕೆಫೀನ್ ಸದಾ ದಾಸ್ತಾನು. ಅದನ್ನೂ ಕಾಯಿಕೊರಕ ದುಂಬಿ ಅರಗಿಸಿಕೊಳ್ಳುತ್ತದೆ, ಅದರ ಕರುಳಿನ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುವುದರಿಂದ. ಟೊಮೆಟೊ ಕೊರೆಯುವ ಹುಳವೂ ಕಡಿಮೆಯದಲ್ಲ, ತಡೆಕಾರಕಕ್ಕೆ ಬಗ್ಗದ ಬೇರೆ ಕಿಣ್ವ ತಯಾರಿಸಿಕೊಳ್ಳುತ್ತದೆ. ಬಿಳಿನೊಣದ ಕಸುಬು ಇನ್ನೂ ನಯ: ರಸ ಹೀರುತ್ತಾ ಗಿಡದಲ್ಲಿ ರೋಗಾಣುಗಳ ವಿರುದ್ಧ ಏಳುವ ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ಎಬ್ಬಿಸಿ, ಜಾಸ್ಮೋನಿಕ್ ದಾರಿಯನ್ನು ಮಂಕು ಮಾಡುತ್ತದೆ.

‘ಹಾಗಾದ್ರೆ ಈ ಜಾಸ್ಮೋನಿಕ್ ಆಮ್ಲನೇ ಡ್ರಮ್ಮಿಗೆ ಕಲಸಿ ಹೊಡೆದ್ರೆ ಆಯ್ತಲ್ಲ?’ ಎಂದು ಊರಲ್ಲಿ ಕೇಳುವವರಿದ್ದಾರೆ. ಹೊಡೆದರೆ ಗಿಡ ಎಚ್ಚೆತ್ತುಕೊಳ್ಳುವುದು ನಿಜ. ಆದರೆ ಬೆಣೆ ಕಿತ್ತ ತೂಬಿನಿಂದ ಹೋಗುವುದು ಬೆಳವಣಿಗೆಯ ನೀರೇ. ಜಾಸ್ಮೋನೇಟ್ ಹೆಚ್ಚಿದ ಗಿಡ ಕುಳ್ಳಾಗುತ್ತದೆ, ಬೇರು ಮೊಟಕಾಗುತ್ತದೆ. ಹುಳ ಬಂದಾಗಷ್ಟೇ ಗಿಡ ಆ ಬೆಣೆ ಕೀಳುವುದು ಅದಕ್ಕೇ.