ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಸರಳ ಬದುಕು: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತೇವೆ. ಮಗಳು ಎರಡನೇ ಕ್ಲಾಸ್, ಮಗನಿಗೆ ನಾಲ್ಕು ವರ್ಷ. ಮನೆ ತುಂಬಾ ಸಾಮಾನು, ವಾರ ತುಂಬಾ ಓಡಾಟ. ಸ್ವಲ್ಪ ಸರಳವಾಗಿ ಬದುಕಬೇಕು ಅಂತ ಆಸೆ, ಅದಕ್ಕೂ ಪುರುಸೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೀಗೆ ಕೇಳುವವರಲ್ಲಿ ತುಂಬಾ ಜನ ಅಷ್ಟರಲ್ಲಾಗಲೇ ಒಂದು ಭಾನುವಾರ ಬೀರು ಖಾಲಿ ಮಾಡಿ, ಬಟ್ಟೆಯನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ಮಧ್ಯದಲ್ಲಿ ಮಗು ಅತ್ತಿತು ಅಂತ ಎದ್ದು ಹೋಗಿ, ರಾತ್ರಿ ಮಲಗೋಕೆ ಜಾಗ ಬೇಕಲ್ಲ ಅಂತ ಎಲ್ಲವನ್ನೂ ವಾಪಸ್ ತುರುಕಿರುತ್ತಾರೆ. ಬೀರು ಸದ್ಯಕ್ಕೆ ಬಿಟ್ಟುಬಿಡಿ. ಮಕ್ಕಳ ನಿದ್ದೆಯಿಂದ ಶುರು ಮಾಡಿ.

ಲೆಕ್ಕ ಹಾಕಿ ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲೇ ಹೇಳಿದೆ. ನಿಮ್ಮ ಮಗನ ವಯಸ್ಸಿಗೆ, ಮಧ್ಯಾಹ್ನದ ನಿದ್ದೆಯೂ ಸೇರಿ, 10ರಿಂದ 13 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಸ್ಕೂಲ್ ವ್ಯಾನ್ ಏಳೂಕಾಲಿಗೆ ಬಂದರೆ ಮಗಳನ್ನು ಆರೂಕಾಲಿಗೆ ಎಬ್ಬಿಸಬೇಕು. ಹತ್ತು ಗಂಟೆ ನಿದ್ದೆ ಅಂದರೆ ರಾತ್ರಿ ಎಂಟೂಕಾಲಿಗೆ ಮಲಗಿರಬೇಕು, ಏಳೂವರೆಗೆ ಊಟಕ್ಕೆ ಕೂತಿರಬೇಕು. ಔಟರ್ ರಿಂಗ್ ರೋಡ್ ದಯೆ ತೋರಿದ ದಿನ ನೀವು ಮನೆ ಸೇರುವುದು ಆರೂವರೆಗೆ ಅಂದುಕೊಂಡರೂ ಕೈಗೆ ಸಿಗುವುದು ಒಂದು ಗಂಟೆ. ಅಷ್ಟೇ. ಅದರೊಳಗೆ ಅಬಾಕಸ್, ಡ್ಯಾನ್ಸು, ಹೋಂವರ್ಕ್, ಅಡುಗೆ ಎಲ್ಲ ಹಿಡಿಯುವುದಿಲ್ಲ ಅಂತ ನಿಮಗೂ ಗೊತ್ತು. ಇಷ್ಟು ದಿನ ನಡೆದಿದ್ದು ಹೇಗೆ? ಮಕ್ಕಳು ಹತ್ತು ಗಂಟೆಗೆ ಮಲಗಿದ್ದರಿಂದ.

ಕ್ಲಾಸ್‌ಗಳ ವಿಷಯಕ್ಕೆ ಬರೋಣ. ಬೋರ್ಡಿನ ಮೇಲೆ 45 ನಿಮಿಷ ಅಂತ ಇರುತ್ತದೆ. ಡ್ರೆಸ್ ಹಾಕಿಸಿ, ಗಾಡಿ ತೆಗೆದು, ಅಲ್ಲಿ ಕೆಳಗೆ ನಿಂತು ಸುಮ್ನೆ ಫೋನ್ ನೋಡಿ, ಬರುವಾಗ ಹಸಿವು ಅಂತ ಗಲಾಟೆಯಾಗಿ ಬೇಕರಿ ಮುಂದೆ ನಿಲ್ಲಿಸಿ ಮನೆ ಸೇರುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ವಾರದ ದಿನಗಳಲ್ಲಿ ಒಂದು ಕ್ಲಾಸ್ ಸಾಕು. ಯಾವುದು ಅಂತ ಗೊತ್ತಾಗದಿದ್ದರೆ, ಯಾರೂ ಹೇಳದೆ ಮನೆಯಲ್ಲಿ ಮಗಳು ತಾನಾಗಿ ಮಾಡುತ್ತಿರುವುದು ಯಾವುದು ನೋಡಿ, ಅದು ಇರಲಿ. ಇನ್ನು ಹೋಂವರ್ಕ್. ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ ಅಂತ ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಸ್ಕೂಲಿನಲ್ಲಿ ಕೇಳಿ ನೋಡಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡನೆಯದು ಅಡುಗೆ. ಕೆಲಸಕ್ಕಿಂತ ‘ನಾಳೆ ಏನು ತಿಂಡಿ’ ಅನ್ನುವ ಯೋಚನೆಯೇ ಜಾಸ್ತಿ ಸುಸ್ತು ಮಾಡಿಸುತ್ತದೆ, ಅಲ್ವಾ? ಅದನ್ನು ಒಮ್ಮೆ ತೀರ್ಮಾನ ಮಾಡಿ ಮುಗಿಸಿ. ಭಾನುವಾರ ಹಿಟ್ಟು ರುಬ್ಬಿದರೆ ಸೋಮವಾರ ಇಡ್ಲಿ, ಮಂಗಳವಾರ ದೋಸೆ. ಬುಧವಾರ ಅವಲಕ್ಕಿ. ಗುರುವಾರದ ಹೊತ್ತಿಗೆ ಉಳಿದ ಹಿಟ್ಟು ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹೆಚ್ಚಿ ಹಾಕಿ ಪಡ್ಡು ಮಾಡಿ. ಶುಕ್ರವಾರ ಚಿತ್ರಾನ್ನ. ರಾತ್ರಿಗೆ ಅನ್ನ ಸಾರು, ಒಂದು ಪಲ್ಯ. ಪ್ರತಿ ವಾರ ಇದೇನಾ ಅಂತ ಮಕ್ಕಳಿಗಿಂತ ದೊಡ್ಡವರೇ ಗೊಣಗುವುದು. ಪಟ್ಟಿಯನ್ನು ಫ್ರಿಡ್ಜ್ ಮೇಲೆ ಅಂಟಿಸಿ. ಆಗ ನಿಮ್ಮ ಮನೆಯವರು ‘ಏನು ಮಾಡಲಿ ಹೇಳು’ ಅಂತ ಕೇಳದೆ ನೇರವಾಗಿ ಒಲೆ ಹಚ್ಚಬಹುದು. ಕೇಳಿ ಕೇಳಿ ಮಾಡುವ ಸಹಾಯದಲ್ಲಿ ಅರ್ಧ ಕೆಲಸ ಹೇಳುವವರ ತಲೆಯಲ್ಲೇ ಉಳಿದಿರುತ್ತದೆ.

ಸಾಮಾನಿನ ವಿಷಯ ಕೊನೆಗೆ. ಇರುವುದನ್ನು ಹೊರಗೆ ಹಾಕುವುದಕ್ಕಿಂತ ಬರುವುದನ್ನು ನಿಲ್ಲಿಸುವುದು ಸುಲಭ. ಬಂದದ್ದು ಎಲ್ಲಿಂದ ಅಂತ ನೋಡಿದರೆ ಒಂದು ದೊಡ್ಡ ಪಾಲು ಬರ್ತ್‌ಡೇ ರಿಟರ್ನ್ ಗಿಫ್ಟ್: ಮುಚ್ಚಳ ನಿಲ್ಲದ ಪೆನ್ಸಿಲ್ ಬಾಕ್ಸು, ಎರಡು ದಿನ ಮಿನುಗುವ ಲೈಟು, ಇನ್ನೊಂದು ನೀರಿನ ಬಾಟಲಿ. ಕೊಡುವವರಿಗೂ ಖರ್ಚು, ತರುವವರಿಗೂ ಕಸ. ಇದನ್ನು ಯಾರಾದರೂ ನಿಲ್ಲಿಸಬೇಕಲ್ಲ, ನೀವೇ ನಿಲ್ಲಿಸಿ. ಮುಂದಿನ ಹುಟ್ಟುಹಬ್ಬಕ್ಕೆ ಗ್ರೂಪಿನಲ್ಲಿ ಮೊದಲೇ ಹಾಕಿ: ‘ಗಿಫ್ಟ್ ತರಬೇಡಿ, ರಿಟರ್ನ್ ಗಿಫ್ಟೂ ಇರಲ್ಲ, ಮಕ್ಕಳನ್ನು ಆಡೋಕೆ ಕಳಿಸಿ.’ ಒಬ್ಬಿಬ್ಬರು ಮೂಗು ಮುರಿಯಬಹುದು. ಉಳಿದವರಿಗೆ ಒಳಗೊಳಗೇ ಖುಷಿ.

ಅಜ್ಜಿ ತಾತ ಊರಿಂದ ತರುವುದನ್ನು ಮಾತ್ರ ತಡೆಯೋಕೆ ಹೋಗಬೇಡಿ, ಆ ಜಗಳದಲ್ಲಿ ನೀವು ಗೆಲ್ಲುವುದಿಲ್ಲ. ಇರುವ ಆಟದ ಸಾಮಾನಿನಲ್ಲಿ ಅರ್ಧವನ್ನು ಡಬ್ಬಕ್ಕೆ ಹಾಕಿ ಸಜ್ಜಾ ಮೇಲಿಡಿ. ಕೆಲವು ವಾರ ಬಿಟ್ಟು ಇಳಿಸಿದರೆ ಮಗನಿಗೆ ಅವೇ ಹೊಸದು. ಯಾರೂ ನೆನಪಿಸಿಕೊಳ್ಳದೆ ಉಳಿದದ್ದರಲ್ಲಿ ಚೆನ್ನಾಗಿರುವುದನ್ನು ಮಾತ್ರ, ಬೇಕಾ ಅಂತ ಕೇಳಿಕೊಂಡು, ಹತ್ತಿರದ ಅಂಗನವಾಡಿಗೆ ಕೊಡಿ. ಕೈಕಾಲು ಮುರಿದ ಗೊಂಬೆ ಅಲ್ಲಿಗೂ ಬೇಡ.