ಮಂಡಿ ಇಲ್ಲದೆ ಷೇರು ಮಾರಬಹುದೇ?

ಆ ವರ್ಷ ಅಪ್ಪಯ್ಯ ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಹಾಕಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳಕ್ಕೇ ಒಬ್ಬ ವ್ಯಾಪಾರಿ ಬಂದಿದ್ದ. ಮೂಟೆಯಿಂದ ಒಂದು ಅಡಿಕೆ ತೆಗೆದ, ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡಿದ, ಮಂಡಿಗಿಂತ ಒಂಚೂರು ಜಾಸ್ತಿಯೇ ದರ ಹೇಳಿದ. ಲಾರಿ ಬಾಡಿಗೆ ಇಲ್ಲ, ಹಮಾಲಿ ಇಲ್ಲ, ಕಮಿಷನ್ ಇಲ್ಲ. ತೂಕ ಹಾಕಿ, ಚೆಕ್ ಬರೆದುಕೊಟ್ಟು, ಕಾಫಿ ಕುಡಿದು ಹೋದ. ವಾರ ಬಿಟ್ಟು ಚೆಕ್ ಬೌನ್ಸ್ ಆಯಿತು. ಫೋನ್ ಸ್ವಿಚ್ ಆಫ್.

ಷೇರು ವ್ಯಾಪಾರಕ್ಕೆ ದಲ್ಲಾಳಿಯೂ ಬೇಡ, ವಿನಿಮಯ ಕೇಂದ್ರವೂ ಬೇಡ, ನನ್ನ ಷೇರನ್ನು ನಾನೇ ನೇರವಾಗಿ ನಿಮಗೆ ಮಾರುತ್ತೇನೆ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಕಾಫಿ ಲೋಟ ನೆನಪಾಗುತ್ತದೆ. ಹಾಗಂತ ಅದು ನಕ್ಕು ಬಿಡುವ ಮಾತಲ್ಲ. ಅದರ ಹಿಂದೆ ಗಟ್ಟಿ ಗಣಿತ ಇದೆ.

ಈಗಿನ ವ್ಯವಸ್ಥೆ ಹೇಗಿದೆ ನೋಡಿ. ನೀವು ಮೊಬೈಲಿನಲ್ಲಿ ‘ಬೈ’ ಒತ್ತುತ್ತೀರಿ. ಆರ್ಡರ್ ಬ್ರೋಕರ್ ಮೂಲಕ ಮುಂಬೈಯ ಎನ್‌ಎಸ್‌ಇ ಅಥವಾ ಬಿಎಸ್‌ಇ ಎಂಬ ವಿನಿಮಯ ಕೇಂದ್ರದ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಮಾರುವವರೊಬ್ಬರ ಜೊತೆ ಜೋಡಿ ಆಗುತ್ತದೆ. ಷೇರು ಯಾರ ಹೆಸರಲ್ಲಿದೆ ಅನ್ನುವ ಲೆಕ್ಕ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿರುತ್ತದೆ. ಇವೆಲ್ಲದರ ನಡುವೆ ಯಾರ ಕಣ್ಣಿಗೂ ಬೀಳದ ಇನ್ನೊಬ್ಬರಿದ್ದಾರೆ: ಕ್ಲಿಯರಿಂಗ್ ಕಾರ್ಪೊರೇಷನ್. ಕೊಳ್ಳುವವರಿಗೆ ಇವರೇ ಮಾರುವವರು, ಮಾರುವವರಿಗೆ ಇವರೇ ಕೊಳ್ಳುವವರು. ಆ ಕಡೆಯವನು ಕೈಕೊಟ್ಟರೂ ನಿಮ್ಮ ವ್ಯವಹಾರ ಮುಗಿಸಿಕೊಡುವ ಹೊಣೆ ಇವರದ್ದು. ಅಪ್ಪಯ್ಯನಿಗೆ ಅಂಗಳದಲ್ಲಿ ಸಿಗದೇ ಹೋದದ್ದು ಇದೇ.

ಇದಕ್ಕೆಲ್ಲ ಒಂದು ದಿನ ಬೇಕು. ಇವತ್ತು ಕೊಂಡ ಷೇರು ನಾಳೆಯ ವ್ಯವಹಾರದ ದಿನ ನಿಮ್ಮ ಖಾತೆಗೆ ಬರುತ್ತದೆ. 2003ರಿಂದ ಎರಡು ದಿನ ಹಿಡಿಯುತ್ತಿತ್ತು, 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಒಂದೇ ದಿನ. ಆ ಒಂದು ದಿನವೂ ಯಾಕೆ ಬೇಕು ಅನ್ನೋದೇ ನೇರ ವ್ಯಾಪಾರದ ಪರ ಇರುವವರ ಪ್ರಶ್ನೆ.

ಅವರ ಉತ್ತರ 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದಿಂದ ಶುರುವಾಗುತ್ತದೆ. ಒಂದೇ ವಸ್ತುವನ್ನು ಇಬ್ಬರಿಗೆ ಮಾರದಂತೆ ತಡೆಯುವುದು ಹೇಗೆ, ಅದೂ ಮೇಲೆ ಯಾವ ಯಜಮಾನನೂ ಇಲ್ಲದೆ? ಲೆಕ್ಕದ ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇರಲಿ. ಪ್ರತಿ ಪುಟದ ಮೇಲೂ ಹಿಂದಿನ ಪುಟದ ಬೆರಳಚ್ಚಿನಂಥದ್ದೊಂದು ಸಂಖ್ಯೆ ಇರಲಿ. ಹಳೆಯ ಪುಟ ತಿದ್ದಿದರೆ ಮುಂದಿನವೆಲ್ಲ ತಾಳೆ ತಪ್ಪುತ್ತವೆ, ಕಳ್ಳ ಸಿಕ್ಕಿಬೀಳುತ್ತಾನೆ. ಬ್ಲಾಕ್‌ಚೈನ್ ಅನ್ನುವುದು ಇದನ್ನೇ. ಇದರ ಮೇಲೆ ಸಣ್ಣ ಪ್ರೋಗ್ರಾಂ ಬರೆದು, ಷೇರು ಈ ಕಡೆಯಿಂದಲೂ ಹಣ ಆ ಕಡೆಯಿಂದಲೂ ಒಂದೇ ಗಳಿಗೆಯಲ್ಲಿ ಹೋಗುವಂತೆ ಮಾಡಬಹುದು. ಎರಡೂ ಹೋಗಬೇಕು, ಇಲ್ಲಾ ಎರಡೂ ನಿಲ್ಲಬೇಕು. ಚೆಕ್ ಬೌನ್ಸ್ ಆಗುವ ಮಾತೇ ಇಲ್ಲ. ಹಣವೂ ಅದೇ ಪುಸ್ತಕದಲ್ಲಿರಬೇಕು ಅಷ್ಟೆ. ಆ ದಾರಿಯೂ ಪೂರ್ತಿ ಮುಚ್ಚಿಲ್ಲ. ರಿಸರ್ವ್ ಬ್ಯಾಂಕ್ 2022ರ ನವೆಂಬರ್ 1ರಂದು ಡಿಜಿಟಲ್ ರೂಪಾಯಿಯ ಪ್ರಯೋಗ ಶುರು ಮಾಡಿದ್ದೇ ಸರ್ಕಾರಿ ಬಾಂಡ್‌ಗಳ ವಹಿವಾಟಿನಿಂದ.

ಇಷ್ಟು ಚೆನ್ನಾಗಿದ್ದರೆ ತೊಂದರೆ ಎಲ್ಲಿ?

ಮೊದಲನೆಯದು, ಯಾರು ಮೊದಲು ಅನ್ನುವ ಜಗಳ. ಬೆಳಕು ಫೈಬರ್ ಒಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಶಿವಮೊಗ್ಗದಿಂದ ಮುಂಬೈಗೆ ನೇರ ಗೆರೆಯಲ್ಲಿ 600 ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಅಂದರೆ ಮೂರು ಮಿಲಿಸೆಕೆಂಡು. (ಮಳೆಗಾಲದಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವ ಸಮಯ ಇದರಲ್ಲಿ ಸೇರಿಲ್ಲ.) ವಿನಿಮಯ ಕೇಂದ್ರದಲ್ಲಾದರೆ ಗಡಿಯಾರ ಒಂದೇ. ಅದಕ್ಕೆ ಯಾರ ಆರ್ಡರ್ ಮೊದಲು ಮುಟ್ಟಿತೋ ಅವರೇ ಮೊದಲು. ಯಜಮಾನನಿಲ್ಲದ ಜಾಲದಲ್ಲಿ ನನ್ನ ಆರ್ಡರ್ ಒಬ್ಬರಿಗೆ ಮೊದಲು ಮುಟ್ಟಿದರೆ, ನಿಮ್ಮದು ಇನ್ನೊಬ್ಬರಿಗೆ ಮೊದಲು ಮುಟ್ಟುತ್ತದೆ. ಎಲ್ಲರೂ ಒಂದು ಕ್ರಮಕ್ಕೆ ಒಪ್ಪಲು ಹೊತ್ತು ಬೇಕು. ಬಿಟ್‌ಕಾಯಿನ್‌ನಲ್ಲಿ ಒಂದು ಪುಟಕ್ಕೆ ಸರಾಸರಿ 10 ನಿಮಿಷ. ಹೊಸ ಜಾಲಗಳು ಎಷ್ಟೋ ವೇಗ, ಆದರೆ ಕಾಯುವುದು ಪೂರ್ತಿ ತಪ್ಪಿಲ್ಲ.

ಕಾಯುವ ಆ ಹೊತ್ತಿನಲ್ಲೇ ಕಿತಾಪತಿ. ಈಥೀರಿಯಂನಂಥ ಜಾಲದಲ್ಲಿ ಪುಟ ಸೇರದ ಆರ್ಡರ್‌ಗಳು ಸಾಮಾನ್ಯವಾಗಿ ಎಲ್ಲರ ಕಣ್ಣೆದುರೇ ಕೂತಿರುತ್ತವೆ. ನೀವು ದೊಡ್ಡ ಮೊತ್ತಕ್ಕೆ ಕೊಳ್ಳುತ್ತೀರಿ ಅಂತ ಕಂಡ ಕೂಡಲೇ ಇನ್ನೊಬ್ಬ, ಪುಟ ಬರೆಯುವವರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟು, ನಿಮಗಿಂತ ಮುಂಚೆ ಕೊಂಡುಬಿಡುತ್ತಾನೆ. ದರ ಏರುತ್ತದೆ. ಏರಿದ ದರದಲ್ಲಿ ನಿಮಗೇ ಮಾರುತ್ತಾನೆ. ಅಲ್ಲಿ ಇದು ದಿನನಿತ್ಯದ ಕಸುಬು.

ಮದ್ದು ಇಲ್ಲ ಅಂತಲ್ಲ. ನಮ್ಮ ಅಡಿಕೆ ಟೆಂಡರ್ ನೆನಪು ಮಾಡಿಕೊಳ್ಳಿ. ಲಾಟಿನ ಮಾದರಿ ನೋಡಿದ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು, ಹೊತ್ತಾದ ಮೇಲೆ ಎಲ್ಲ ಚೀಟಿ ಒಟ್ಟಿಗೆ ಬಿಚ್ಚುತ್ತಿದ್ದರು. ಈಗ ಚೀಟಿಯ ಜಾಗದಲ್ಲಿ ಕಂಪ್ಯೂಟರ್ ಬಂದಿದೆ, ವರಸೆ ಅದೇ. ಇಲ್ಲಿ ಓಡಿ ಬಂದವನಿಗೆ ಲಾಭವಿಲ್ಲ, ಪಕ್ಕದವನ ಚೀಟಿ ಇಣುಕಲೂ ಆಗದು. ಅರ್ಥಶಾಸ್ತ್ರಜ್ಞ ಎರಿಕ್ ಬುಡಿಷ್ ಮತ್ತು ಸಂಗಡಿಗರು 2015ರಲ್ಲಿ ಷೇರುಪೇಟೆಗೆ ಸೂಚಿಸಿದ್ದೂ ಸುಮಾರಾಗಿ ಇದನ್ನೇ: ಪುಟ್ಟ ಪುಟ್ಟ ಅವಧಿಗೊಮ್ಮೆ ಎಲ್ಲ ಆರ್ಡರ್ ಒಟ್ಟುಗೂಡಿಸಿ ಒಂದೇ ದರ ಕಟ್ಟಿ ಅಂತ. ಮಲೆನಾಡಿನ ಮಂಡಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಎರಡನೆಯದಕ್ಕೆ ಮದ್ದು ಅಷ್ಟು ಸುಲಭವಲ್ಲ. ಅದು ವಜಾ ಲೆಕ್ಕ. ಒಂದೇ ದಿನ ಸಾಗರದವರು ತೀರ್ಥಹಳ್ಳಿಯವರಿಗೆ 1 ಲಕ್ಷ ಕೊಡಬೇಕು, ತೀರ್ಥಹಳ್ಳಿಯವರು ಹೊಸನಗರದವರಿಗೆ 1 ಲಕ್ಷ, ಹೊಸನಗರದವರು ಸಾಗರದವರಿಗೆ 95 ಸಾವಿರ ಅಂತಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಕೊಟ್ಟರೆ 2,95,000 ರೂಪಾಯಿ ಓಡಾಡಬೇಕು. ಸಂಜೆ ಕೂತು ವಜಾ ಹಾಕಿದರೆ ಸಾಗರದವರು ಹೊಸನಗರದವರಿಗೆ 5,000 ಕೊಟ್ಟರೆ ಮುಗಿಯಿತು. ತೀರ್ಥಹಳ್ಳಿಯವರು ಜೇಬಿಗೆ ಕೈ ಹಾಕುವುದೇ ಬೇಡ. ಕ್ಲಿಯರಿಂಗ್ ಕಾರ್ಪೊರೇಷನ್ ದಿನಾ ಮಾಡುವುದು ಇದನ್ನೇ. ಆ ಗಳಿಗೆಯಲ್ಲೇ ಕೈಗೆ ಕೈ ಅಂದರೆ ವಜಾ ಇಲ್ಲ, ಪ್ರತಿ ಸಲವೂ ಪೂರ್ತಿ ದುಡ್ಡು ಕೈಯಲ್ಲಿರಬೇಕು. ಒಂದು ದಿನ ಕಾಯುವುದು ಬರೀ ಸೋಮಾರಿತನ ಅಲ್ಲ ಅಂತ ನನಗೆ ಹೊಳೆದದ್ದು ಈ ಲೆಕ್ಕ ಹಾಕಿದಾಗ.

ಹೀಗೆ ಬಾಕಿ ಇಟ್ಟುಕೊಂಡೇ, ಮಧ್ಯವರ್ತಿ ಇಲ್ಲದೆ ನಡೆದ ವ್ಯವಸ್ಥೆಯೂ ನಮ್ಮಲ್ಲಿತ್ತು, ಮುಯ್ಯಾಳು. ನಿಮ್ಮ ಗದ್ದೆ ನೆಟ್ಟಿಗೆ ನಮ್ಮನೆಯಿಂದ ಇಬ್ಬರು, ನಮ್ಮ ನೆಟ್ಟಿಗೆ ನಿಮ್ಮನೆಯಿಂದ ಇಬ್ಬರು. ಪುಸ್ತಕವಿಲ್ಲ, ಲೆಕ್ಕ ಎಲ್ಲರ ತಲೆಯಲ್ಲಿ. ನಡೆದದ್ದು ಯಾಕೆಂದರೆ ಆಳು ಬಾಕಿ ಉಳಿಸಿಕೊಂಡವರು ಮಾರನೇ ದಿನ ಅದೇ ಕೇರಿಯಲ್ಲಿ ಮುಖ ತೋರಿಸಬೇಕಿತ್ತು. ಅಂತರ್ಜಾಲದಲ್ಲಿ ಮುಖ ಎಲ್ಲಿದೆ?

ಇನ್ನೊಂದು, ಷೇರು ಅಡಿಕೆಯಂಥ ವಸ್ತುವಲ್ಲ. ಕಂಪನಿಯಲ್ಲಿ ನಿಮಗಿರುವ ಹಕ್ಕು ಅದು. ಡಿವಿಡೆಂಡ್, ಬೋನಸ್, ಮತ ಎಲ್ಲ ಬರುವುದು ಕಂಪನಿಯ ದಾಖಲೆ ನಿಮ್ಮನ್ನು ಒಪ್ಪಿಕೊಂಡರೆ. ಜಾಲದ ಪುಸ್ತಕದಲ್ಲಿ ಹೆಸರಿದ್ದು ಕಾನೂನಿನ ಪುಸ್ತಕದಲ್ಲಿ ಇಲ್ಲದಿದ್ದರೆ ಏನು ಬಂತು? ಅಜ್ಜನ ಟ್ರಂಕಿನಲ್ಲಿದ್ದ ಷೇರು ಪತ್ರವನ್ನು ಗೆದ್ದಲು ತಿಂದಿತ್ತು. ಅರ್ಜಿ, ಅಫಿಡವಿಟ್ ಅಂತ ಅಲೆದು ಸುಸ್ತಾದರೂ ಕೊನೆಗೆ ಡ್ಯೂಪ್ಲಿಕೇಟ್ ಬಂತು. ಷೇರು ಜಾಲದಲ್ಲಿದ್ದು ಗೆದ್ದಲು ತಿಂದದ್ದು ಅದರ ಗುಪ್ತ ಕೀಲಿ (ಪಾಸ್‌ವರ್ಡ್‌ನಂಥದ್ದು) ಬರೆದಿಟ್ಟ ಚೀಟಿಯಾಗಿದ್ದರೆ? ಅರ್ಜಿ ಕೊಡಲು ಕಚೇರಿಯೇ ಇರುತ್ತಿರಲಿಲ್ಲ.

ದೊಡ್ಡವರೂ ಎಡವಿದ್ದಾರೆ. ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ ತನ್ನ ಲೆಕ್ಕದ ವ್ಯವಸ್ಥೆಯನ್ನೇ ಈ ಬ್ಲಾಕ್‌ಚೈನ್ ಬಗೆಯ ತಂತ್ರಕ್ಕೆ ಬದಲಿಸುತ್ತೇವೆಂದು 2017ರಲ್ಲಿ ಹೇಳಿ, 2022ರ ನವೆಂಬರಿನಲ್ಲಿ ಕೈಬಿಟ್ಟಿತು. ನಷ್ಟ ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದೂ ಯಜಮಾನ ಇದ್ದ ವ್ಯವಸ್ಥೆ!

ನಮ್ಮಲ್ಲಿ ಕೈಗೆ ಕೈ ವ್ಯವಹಾರಕ್ಕೆ ಸಣ್ಣ ಕಿಂಡಿಯೊಂದು ಇದ್ದೇ ಇದೆ. ಡಿಪಾಸಿಟರಿಯ ಸ್ಲಿಪ್ ತುಂಬಿ ಒಬ್ಬರ ಡಿಮ್ಯಾಟ್ (ಷೇರು ಇಡುವ) ಖಾತೆಯಿಂದ ಇನ್ನೊಬ್ಬರದ್ದಕ್ಕೆ ಷೇರು ನೇರ ಕಳಿಸಬಹುದು. ಹಣ ಕೊಡಿಸುವ ಹೊಣೆ ಮಾತ್ರ ಡಿಪಾಸಿಟರಿಯದ್ದಲ್ಲ. ಪೇಟೆಯಲ್ಲಿ ನೋಂದಣಿಯಾಗದ ಕಂಪನಿಗಳ ಷೇರು ಕೈ ಬದಲಾಗುವುದು ಹೆಚ್ಚಾಗಿ ಹೀಗೇ. ಅನುಮತಿ ಇಲ್ಲದೆ ಇಂಥ ಷೇರುಗಳ ಆನ್‌ಲೈನ್ ಪೇಟೆ ನಡೆಸುವವರ ಬಗ್ಗೆ ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು. ಷೇರು, ಹಣ ಒಂದೇ ಗಳಿಗೆಯಲ್ಲಿ ಬದಲಾಗುವ ಪ್ರೋಗ್ರಾಂ ಮೊದಲು ಕೆಲಸಕ್ಕೆ ಬರುವುದಾದರೆ ಇಲ್ಲೇ ಅಂತ ನನ್ನ ಅಂದಾಜು. ಇಲ್ಲಿ ತೆಗೆದುಹಾಕಲು ದೊಡ್ಡ ಮಂಡಿಯೇ ಇಲ್ಲವಲ್ಲ.

ಅಪ್ಪಯ್ಯ ಈಗ ಒಳ್ಳೆ ಮಾಲನ್ನೆಲ್ಲ ಮಂಡಿಗೇ ಹಾಕುತ್ತಾರೆ. ಗೊರಬಲು, ಅಂದರೆ ಕೆಳದರ್ಜೆಯ ಅಡಿಕೆ, ಹತ್ತಿಪ್ಪತ್ತು ಕಿಲೋ ಉಳಿದರೆ ಮಾತ್ರ ಅಂಗಳದಲ್ಲೇ ವ್ಯಾಪಾರ. ಹೋದ ವರ್ಷವೂ ಒಬ್ಬ ಬಂದಿದ್ದ. ತಕ್ಕಡಿ ಇಳಿಸುವ ಮೊದಲೇ ಅಪ್ಪಯ್ಯ ಕೈ ಚಾಚಿದರು. ನೋಟು ಎಣಿಸಿಕೊಂಡ ಮೇಲೆಯೇ ಮೂಟೆಯ ಬಾಯಿ ಕಟ್ಟಲು ಬಿಟ್ಟದ್ದು. ಆಮೇಲೆ ಕಾಫಿ.